ಗೋಡೆಯ ದಪ್ಪ

"ಹಾಕಲ್ಲ ಅಂದ್ರೆ ಹಾಕಲ್ಲ! ಎಷ್ಟು ಸಲ ಹೇಳ್ಬೇಕು ನಿಮಗೆ? ಈ ಕಾಗದಕ್ಕೆ ನಾನು ಸಹಿ ಹಾಕಲ್ಲ."

"ಮೆತ್ತಗೆ ಮಾತಾಡಿ. ಹೊರಗೆ ಕೇಳುತ್ತೆ."

"ಕೇಳ್ಲಿ. ಇಡೀ ಕಾರ್ಖಾನೆ ಕೇಳ್ಲಿ. ಮೂರು ಸಲ ಆಯ್ತು ಸ್ವಾಮಿ, ಮೂರು ಸಲ! ಮೊದಲು ಲೋಕಕ್ಕೆಲ್ಲ ಕಾಯಿಲೆ ಬಂತು ಅಂದ್ರಿ. ಆಮೇಲೆ ಹಡಗು ನಿಂತ್ವು ಅಂದ್ರಿ. ಈಗ ಯುದ್ಧ ಅಂತೀರಿ. ಎಲ್ಲೋ ಯಾರೋ ಯಾರಿಗೋ ಗುಂಡು ಹೊಡೆದ್ರೆ ನನ್ನ ಫರ್ನೇಸಿನ ಗೋಡೆ ಯಾಕ್ರೀ ಸವೀಬೇಕು?"

ಮ್ಯಾನೇಜರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಮುಚ್ಚಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಕುಲುಮೆ ಮೇಸ್ತ್ರಿಯ ಗಂಟಲು ಮೂವತ್ತು ವರ್ಷ ಬೆಂಕಿಯ ಅಬ್ಬರದ ಮೇಲೆ ಕೂಗಿ ಪಳಗಿದ ಗಂಟಲು. ತೆಳ್ಳನೆಯ ಮರದ ಬಾಗಿಲು ಅದಕ್ಕೆ ಯಾವ ಲೆಕ್ಕ? ಹೊರಗೆ ಕೂತ ಗುಮಾಸ್ತರೆಲ್ಲ ಆಗಲೇ ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿ ಇತ್ತ ಕೊಟ್ಟಿದ್ದರು.

ಮೇಜಿನ ಮೇಲೆ ಒಂದೇ ಒಂದು ಹಾಳೆ ಇತ್ತು. ಅದರಲ್ಲಿ ಎರಡೇ ಸಾಲು. ಈ ಕುಲುಮೆಯನ್ನು ನಾನು ಸ್ವತಃ ಪರೀಕ್ಷಿಸಿದ್ದೇನೆ, ಇನ್ನು ಹದಿನೆಂಟು ತಿಂಗಳು ಇದು ಸುರಕ್ಷಿತವಾಗಿ ಉರಿಯಬಲ್ಲದು ಎಂದು. ಕೆಳಗೆ ಸಹಿಗೊಂದು ಗೆರೆ. ಗೆರೆಯ ಪಕ್ಕದಲ್ಲಿ ಪೆನ್ನನ್ನೂ ಇಟ್ಟಿದ್ದರು, ಮುಚ್ಚಳ ತೆಗೆದು.

"ಹೊಸ ಫರ್ನೇಸ್ ಕೊಡಲ್ಲ ಅಂದಿಲ್ಲ ಮಾಲೀಕರು," ಮ್ಯಾನೇಜರು ಮತ್ತೆ ಕೂತು ಸಮಾಧಾನದ ದನಿ ತೆಗೆದರು. "ಮುಂದಕ್ಕೆ ಹಾಕಿದ್ದಾರೆ, ಅಷ್ಟೆ. ಗ್ಯಾಸಿನ ಬೆಲೆ ಎರಡರಷ್ಟಾಗಿದೆ. ಬ್ಯಾಂಕಿನವರು ಬಡ್ಡಿ ಏರಿಸಿದ್ದಾರೆ. ನಾಳೆ ಏನಾಗುತ್ತೋ ಗೊತ್ತಿಲ್ಲದಾಗ ಪರದೇಶದಲ್ಲಿ ಯಾರು ತಾನೇ ದುಡ್ಡು ಹಾಕ್ತಾರೆ ಹೇಳಿ? ಒಂದೂವರೆ ವರ್ಷ ತಳ್ಳಿಬಿಡಿ. ಆಮೇಲೆ ನೋಡೋಣ."

ಕಾರ್ಖಾನೆಯಲ್ಲಿ ಅವರ ಹೆಸರೇ ನೋಡೋಣ ಸಾಹೇಬರು. ರಜೆ ಕೇಳಿದರೆ ನೋಡೋಣ. ಛಾವಣಿ ಸೋರುತ್ತಿದೆ ಎಂದರೆ ನೋಡೋಣ. ಮದುವೆ ದಿನ ಹುಡುಗಿ ಒಪ್ಪಿಗೆಯೇ ಎಂದು ಕೇಳಿದಾಗಲೂ ನೋಡೋಣ ಎಂದಿದ್ದರಂತೆ ಎಂದು ಪ್ಯಾಕಿಂಗಿನ ಹೆಂಗಸರು ನಗುತ್ತಿದ್ದರು.

ಮೇಸ್ತ್ರಿಗೆ ಈ ಹೊತ್ತು ನಗುವ ಮನಸ್ಸಿರಲಿಲ್ಲ. ಸೀಸೆ ಕಾರ್ಖಾನೆಯ ಕುಲುಮೆಯನ್ನು ಒಂದು ಸಲ ಹೊತ್ತಿಸಿದರೆ ಮುಗಿಯಿತು. ಹಗಲಿಲ್ಲ, ರಾತ್ರಿಯಿಲ್ಲ, ರಜೆಯಿಲ್ಲ, ಅದು ಉರಿಯುತ್ತಲೇ ಇರಬೇಕು. ಆರಿಸಿದರೆ ಒಳಗಿನ ಗಾಜು ಹೆಪ್ಪುಗಟ್ಟಿ, ಗೋಡೆ ಸೀಳಿ, ಮತ್ತೆ ಹೊತ್ತಿಸುವ ಮಾತೇ ಇಲ್ಲ. ಉರಿದರೂ ಸುಖವಿಲ್ಲ. ಕರಗಿದ ಗಾಜು ಗೋಡೆಯನ್ನು ಒಳಗಿನಿಂದ ದಿನವೂ ಅಷ್ಟಷ್ಟೇ ತಿನ್ನುತ್ತದೆ. ಹೊಸದರಲ್ಲಿ ಹತ್ತು ಇಂಚು ಇದ್ದ ಗೋಡೆ ಎಂಟು ವರ್ಷಕ್ಕೆ ಮೂರು ಇಂಚಿಗೆ ಬಂದು ನಿಲ್ಲುತ್ತದೆ. ಆಗ ಕೆಡವಿ ಬೇರೆಯದು ಕಟ್ಟಬೇಕು. ಈ ಕುಲುಮೆಗೆ ಆಗಲೇ ಹನ್ನೊಂದು ವರ್ಷ. ಕಟ್ಟಿಸಬೇಕಾದ ಮಾಲೀಕರು ಸಮುದ್ರದ ಆಚೆ ಕೂತಿದ್ದರು.

"ಮೂವತ್ತು ಕಾರ್ಖಾನೆ ಇದಾವಲ್ಲ ಅವರಿಗೆ?" ಮೇಸ್ತ್ರಿ ಮೇಜು ಕುಟ್ಟಿದ. "ಎಲ್ಲಾರದ್ದೂ ಮುಂದಕ್ಕೆ ಹಾಕಿದ್ರಾ, ಇಲ್ಲ ನಾವೇ ಸಿಕ್ಕಿದ್ವಾ ಅವರ ಕೈಗೆ?"

"ಎಲ್ಲಾರದ್ದೂ ಹಾಕಿಲ್ಲ. ಎರಡಕ್ಕೆ ಕೊಡ್ತಾರೆ. ತೀರಾ ಸವೆದಿರೋ ಎರಡಕ್ಕೆ."

"ನಮ್ಮದು ಸವೆದಿಲ್ಲ ಅಂತ ಯಾವ ಬುದ್ಧಿವಂತ ಹೇಳಿದ್ದು ಅವರಿಗೆ?"

ಮ್ಯಾನೇಜರು ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದರು.

"ನೀವೇ."

ಪರದೆಯಲ್ಲಿ ಮೂವತ್ತು ಸಾಲುಗಳ ಪಟ್ಟಿ. ಮೊದಲ ಎರಡು ಸಾಲಿಗೆ ಹಸಿರು ಬಣ್ಣ ಬಳಿದಿದ್ದರು. ಅವನ ಕಾರ್ಖಾನೆ ಕಟ್ಟಕಡೆಯಲ್ಲಿತ್ತು. ಅದರ ಮುಂದೆ ಗೋಡೆಯ ದಪ್ಪ ನಾಲ್ಕೂವರೆ ಇಂಚು ಎಂದಿತ್ತು. ಅದರ ಮುಂದೆ ಅಳೆದವರ ಹೆಸರು. ಅವನದೇ.

"ಕಾಯಿಲೆ ಬಂದಾಗಲೂ ಹೀಗೇ ಪಟ್ಟಿ ಮಾಡಿದ್ರು. ಹಡಗು ನಿಂತಾಗಲೂ ಮಾಡಿದ್ರು," ಮ್ಯಾನೇಜರು ಹೇಳಿದರು. "ಕೈ ಬಿಗಿಯಾದಾಗೆಲ್ಲ ಯಾವ ಗೋಡೆ ತೆಳ್ಳಗಿದೆಯೋ ಅದಕ್ಕೆ ಮೊದಲು. ಮೂರು ಸಲವೂ ನಮ್ಮದೇ ಎಲ್ಲಾರಿಗಿಂತ ದಪ್ಪ. ಪ್ರತಿ ವರ್ಷ ಅವರು ಕಳಿಸೋ ಮೆಚ್ಚುಗೆ ಪತ್ರ ಚೌಕಟ್ಟು ಹಾಕಿಸಿ ಇಟ್ಕೊಂಡಿದೀರಲ್ಲ, ಯಾವುದಕ್ಕೆ ಅಂದ್ಕೊಂಡ್ರಿ?"

ಮೇಸ್ತ್ರಿ ಪರದೆಯ ಮೇಲಿನ ತನ್ನ ಹೆಸರನ್ನು ಮತ್ತೊಮ್ಮೆ ಓದಿದ.

"ಹೋದ ತಿಂಗಳು ನಾಲ್ಕೂವರೆ ಇಂಚು ಅಂತ ಬರೆದೋರು ನೀವು. ಈಗ ಸಹಿ ಹಾಕಲ್ಲ ಅಂತ ಕುಣಿಯೋರೂ ನೀವು. ಒಂದು ತಿಂಗಳಲ್ಲಿ ಏನು ನಾಯಿ ಬಂದು ತಿಂದುಹೋಯ್ತಾ ಗೋಡೆನ? ಮೂರು ಗಂಟೆಗೆ ಅವರ ಜೊತೆ ಮೀಟಿಂಗ್. ಸಹಿ ಹಾಕಿ ತಗೊಂಡು ಬನ್ನಿ. ಹಾಕದೆ ಇದ್ರೆ ಫರ್ನೇಸ್ ಆರಿಸಿ ಅಂತಾರೆ. ಮುನ್ನೂರು ಜನಕ್ಕೆ ನೀವೇ ಉತ್ತರ ಹೇಳ್ಕೊಳ್ಳಿ."

ಮೇಸ್ತ್ರಿ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿಕೊಂಡು ಹೊರಬಿದ್ದ. ಗುಮಾಸ್ತರ ಕೈಗಳು ಒಟ್ಟಿಗೆ ಕೆಲಸ ಶುರುಮಾಡಿದವು.

ಕುಲುಮೆಯ ಕಟ್ಟಡಕ್ಕೆ ಕಾಲಿಟ್ಟರೆ ಮೊದಲು ಬಡಿಯುವುದು ಶಾಖವಲ್ಲ, ಸದ್ದು. ಸವೆದ ಗೋಡೆಯ ಹೊರಮೈಗೆ ಗಾಳಿ ಊದುವ ದೊಡ್ಡ ಫ್ಯಾನುಗಳ ಸದ್ದು. ಗೋಡೆ ತೆಳ್ಳಗಾದಷ್ಟೂ ಹೆಚ್ಚು ಗಾಳಿ ಬೇಕು. ಮೊದಲು ಎರಡು ಫ್ಯಾನುಗಳಿದ್ದವು, ಈಗ ಆರಿದ್ದವು. ಬುದ್ಧಿಯಿದ್ದವನು ಯಾರಾದರೂ ಬಂದು ಫ್ಯಾನುಗಳನ್ನು ಎಣಿಸಿದ್ದರೂ ಸಾಕಿತ್ತು, ಗೋಡೆಯ ಗತಿ ಗೊತ್ತಾಗುತ್ತಿತ್ತು. ಆದರೆ ಸಮುದ್ರದ ಆಚೆಗೆ ಫ್ಯಾನು ಕಾಣುವುದಿಲ್ಲ, ಅಂಕಿ ಮಾತ್ರ ಕಾಣುತ್ತದೆ.

ಕುಲುಮೆಯ ಹಿಂದಿನ ಮೂಲೆಯಲ್ಲಿ ಮೇಸ್ತ್ರಿಯ ಅಳಿಯ, ಮಗಳ ಗಂಡ, ನಿಂತಿದ್ದ. ಎದೆಯ ಮೇಲೆ ದಪ್ಪ ಅಂಗಿ, ಹಣೆಯ ಮೇಲಕ್ಕೆ ಸರಿಸಿದ ಮುಖಗವಚ. ಐದು ವರ್ಷದಿಂದ ಆ ಮೂಲೆ ಅವನದು. ಮಾವನನ್ನು ನೋಡಿ ಹಲ್ಲು ಕಿರಿದ.

"ಬಂದ್ರಾ ಮಾವ? ನಿಮ್ಮ ದನಿ ಇಲ್ಲಿಗಂಟ ಬಂತು. ಈ ಆರು ಫ್ಯಾನಿನ ಜೊತೆ ನಿಮ್ಮನ್ನೂ ಒಂದು ಕಡೆ ನಿಲ್ಲಿಸಿದ್ರೆ ಗೋಡೆ ತಣ್ಣಗಿರುತ್ತೆ ಅಂತ ನಮ್ಮೋರು ಮಾತಾಡ್ಕೊಳ್ತಿದ್ರು."

"ತಲೆ ತಿನ್ಬೇಡ. ಮೂಲೆ ಹೇಗಿದೆ?"

"ಬೆಳಿಗ್ಗೆಯಿಂದ ಕೆಂಪು ಏರ್ತಾ ಇದೆ. ಗಾಳಿ ಈ ಕಡೆ ತಿರುಗಿಸಿದೀನಿ."

"ಕೊಕ್ಕೆ ತಾ."

ಕೊಕ್ಕೆ ಎಂದರೆ ಎರಡು ಆಳುದ್ದದ ಕಬ್ಬಿಣದ ಸರಳು, ತುದಿ ಬಾಗಿಸಿದ್ದು. ಗೋಡೆಯಲ್ಲಿ ಗಾಜಿನ ಮಟ್ಟಕ್ಕಿಂತ ಮೇಲಿರುವ ಕಿಂಡಿಯೊಳಗೆ ಅದನ್ನು ತೂರಿಸಿ, ಬಾಗಿದ ತುದಿಯನ್ನು ಒಳಮೈಗೆ ತಾಗಿಸಿ, ಇಷ್ಟು ಎಂದು ಕೈಯಲ್ಲೇ ಗುರುತು ಹಿಡಿದು ಎಳೆದುಬಿಡಬೇಕು. ಎಲ್ಲ ಹತ್ತು ಎಣಿಸುವುದರೊಳಗೆ. ಹತ್ತು ದಾಟಿದರೆ ಸರಳೇ ಮೆತ್ತಗಾಗಿ ಜೋತುಬೀಳುತ್ತದೆ. ಇದಕ್ಕೆಂದೇ ಒಂದು ಯಂತ್ರ ಬಂದಿದೆಯಂತೆ, ಗೋಡೆಗೆ ಹೊರಗಿನಿಂದ ಹಿಡಿದರೆ ಸಾಕು ದಪ್ಪ ಹೇಳುತ್ತದಂತೆ. ಕಾಯಿಲೆಯ ವರ್ಷ ಅದನ್ನೂ ಮುಂದಕ್ಕೆ ಹಾಕಿದ್ದರು. ಹಾಗಾಗಿ ಗೋಡೆ ಎಷ್ಟಿದೆ ಎಂದು ಜಗತ್ತಿನಲ್ಲಿ ಹೇಳಬಲ್ಲವನು ಮೇಸ್ತ್ರಿ ಒಬ್ಬನೇ.

ಅಳಿಯ ಪಕ್ಕದಲ್ಲಿ ತಗಡಿನ ಗುರಾಣಿ ಹಿಡಿದು ನಿಂತು ಎಣಿಸತೊಡಗಿದ. ಒಂಬತ್ತಕ್ಕೆ ಮೇಸ್ತ್ರಿ ಎಳೆದ. ತುದಿ ಬಿಳಿಯಾಗಿ ಹೊಳೆಯುತ್ತಿತ್ತು; ಹಿಡಿಕೆಯ ಕಡೆ ಕೊರೆದಿದ್ದ ಇಂಚಿನ ಗೀಟುಗಳಲ್ಲಿ ತನ್ನ ಹೆಬ್ಬೆರಳು ಎಲ್ಲಿದೆ ಎಂದು ನೋಡಿದ. ಒಂದೂವರೆ ಇಂಚು. ಅಷ್ಟೂ ಇರಲಾರದು.

"ಎಷ್ಟು ಮಾವ?"

"ಇದೆ."

"ಇದೆ ಅಂದ್ರೆ?"

"ಇದೆ ಅಂದ್ರೆ ಇದೆ."

"ನೀವು ಇದೆ ಅಂದ್ರೆ ಆಯ್ತು ಬಿಡಿ, ನಾನು ಇದಕ್ಕೆ ಬೆನ್ನು ಕೊಟ್ಟು ನಿದ್ದೆ ಬೇಕಾದ್ರೂ ಮಾಡ್ತೀನಿ." ಅಳಿಯ ಗುರಾಣಿಯನ್ನು ಕಂಬಕ್ಕೆ ಒರಗಿಸಿ ನೀರಿನ ಬಾಟಲಿ ಎತ್ತಿದ. "ಸಹಿ ಹಾಕಿಬಿಡಿ ಮಾವ. ನಾಲ್ಕೂವರೆ ಇಂಚು ಇಟ್ಕೊಂಡು ಯಾಕೆ ಒದ್ದಾಡ್ತೀರಿ? ನಿಮ್ಮ ಕೈ ಗುಣ, ಈ ಫರ್ನೇಸ್ ಇನ್ನೂ ಐದು ವರ್ಷ ಬಾಳುತ್ತೆ."

ಗಟಗಟನೆ ಕುಡಿಯುತ್ತಿದ್ದ ಅಳಿಯನ ಗಂಟಲನ್ನು ಮೇಸ್ತ್ರಿ ನೋಡುತ್ತ ನಿಂತ.

ಸುಳ್ಳು ಹೇಳಬೇಕೆಂದು ಅವನು ಶುರುಮಾಡಿರಲಿಲ್ಲ. ಆರು ವರ್ಷದ ಹಿಂದೆ ಒಮ್ಮೆ ಬಲಗೈ ಸುಟ್ಟುಕೊಂಡು ಕೊಕ್ಕೆ ಹಿಡಿಯಲಾಗದೆ, ಅಂದಾಜಿನಲ್ಲಿ ಒಂದು ಅಂಕಿ ಬರೆದು ಕಳಿಸಿದ್ದ. ಅಂದಾಜು ಎಂದ ಮೇಲೆ ತನ್ನ ಕುಲುಮೆಗೆ ಒಂದು ಬೆರಳು ಹೆಚ್ಚೇ ಕೊಟ್ಟ. ಯಾವ ತಂದೆ ಮಗುವಿನ ಎತ್ತರ ಹೇಳುವಾಗ ಕಡಿಮೆ ಹೇಳುತ್ತಾನೆ? ಆ ವರ್ಷ ಸಮುದ್ರದ ಆಚೆಯಿಂದ ಪತ್ರ ಬಂತು. ಎಲ್ಲ ಕಾರ್ಖಾನೆಗಳಲ್ಲಿ ನಿಮ್ಮ ಕುಲುಮೆಯೇ ಗಟ್ಟಿ ಎಂದು. ಮ್ಯಾನೇಜರು ಎಲ್ಲರನ್ನೂ ಕರೆದು ಓದಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಲ ಕೊಕ್ಕೆ ಹಾಕಿದಾಗ ನಿಜವಾದ ಅಂಕಿ ಬರೆದರೆ ಗೋಡೆ ಒಂದೇ ಸಲಕ್ಕೆ ಕುಸಿದಂತೆ ಕಾಣುತ್ತಿತ್ತು. ಇದೇನು ಮೇಸ್ತ್ರಿ ಎಂದು ಕೇಳುತ್ತಿದ್ದರು. ಅದಕ್ಕೇ ಆ ಬೆರಳನ್ನು ಹಾಗೇ ಉಳಿಸಿಕೊಂಡ. ವರ್ಷ ಕಳೆದಂತೆ ಬೆರಳು ಎರಡಾಯಿತು, ಆಮೇಲೆ ಮೂರು ಇಂಚಾಯಿತು. ಹೇಗಿದ್ದರೂ ಎಂಟನೇ ವರ್ಷ ಕೆಡವಿ ಹೊಸದು ಕಟ್ಟುತ್ತಾರಲ್ಲ, ಹಳೆಯ ಗೋಡೆ ಎಷ್ಟಿತ್ತು ಎಂದು ಆಗ ಯಾರು ಅಳೆಯಲು ಬರುತ್ತಾರೆ ಎಂದುಕೊಂಡಿದ್ದ. ಎಂಟನೇ ವರ್ಷಕ್ಕೆ ಸರಿಯಾಗಿ ಕಾಯಿಲೆ ಬಂತು.

ಪಟ್ಟಿ ಎಂಬುದೊಂದಿದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮಗಳು ಎದುರಿಗೆ ಬಂದು ಕೂತಳು. ಅವಳಿಗೆ ಸೀಸೆ ತಪಾಸಣೆಯ ಕೆಲಸ. ದೀಪದ ಮುಂದೆ ಸಾಲಾಗಿ ಓಡುವ ಸೀಸೆಗಳಲ್ಲಿ ಗುಳ್ಳೆ, ಬಿರುಕು, ಕಸ ಇದ್ದದ್ದನ್ನು ಹೆಕ್ಕಿ ತೆಗೆಯಬೇಕು. ನಿಮಿಷಕ್ಕೆ ಅರವತ್ತು. ದಿನವಿಡೀ ನೋಡಿ ನೋಡಿ ಅವಳ ಕಣ್ಣು ಸದಾ ಕೆಂಪು. ಬಿರುಕನ್ನು ಸೀಸೆಯಲ್ಲಿ ಮಾತ್ರ ನೋಡುತ್ತಾಳೆ ಎಂದೇನಲ್ಲ.

"ಏನಪ್ಪಾ ಅದು? ಡಬ್ಬಿ ಬಿಚ್ಚಿ ಹತ್ತು ನಿಮಿಷ ಆಯ್ತು, ಒಂದು ತುತ್ತೂ ಇಳಿದಿಲ್ಲ. ಕೂಗಾಡಿ ಹೊಟ್ಟೆ ತುಂಬಿಸ್ಕೊಂಡ್ಯಾ?"

"ಹಸಿವಿಲ್ಲ."

"ನಿನಗೆ ಹಸಿವಿಲ್ವಾ? ಅಮ್ಮನಿಗೆ ಹೇಳ್ತೀನಿ ತಡಿ, ನಾಲ್ಕು ಊರಿಗೆ ಹಂಚ್ತಾಳೆ ಸುದ್ದಿನ." ನಕ್ಕವಳು ಅವನ ಮುಖ ನೋಡಿ ನಿಲ್ಲಿಸಿದಳು. "ಏನಾಯ್ತು?"

ಮೇಸ್ತ್ರಿ ಅತ್ತಿತ್ತ ನೋಡಿದ. ಉದ್ದನೆಯ ತಗಡಿನ ಮೇಜಿನ ಆ ತುದಿಯಲ್ಲಿ ನಾಲ್ಕು ಜನ ಏನೋ ಹೇಳಿಕೊಂಡು ನಗುತ್ತಿದ್ದರು. ಅವನು ತಗ್ಗಿದ ದನಿಯಲ್ಲಿ ಹೇಳತೊಡಗಿದ. ತಗ್ಗಿದ ದನಿ ಅವನಿಗೆ ರೂಢಿಯಿಲ್ಲ. ನಡುನಡುವೆ ಮಾತು ಕೆಮ್ಮಿನಂತೆ ಹೊರಬರುತ್ತಿತ್ತು.

ಮಗಳು ಪೂರ್ತಿ ಕೇಳಿದಳು. ಕೊನೆಗೆ ಒಂದೇ ಮಾತು ಕೇಳಿದಳು.

"ಎಷ್ಟು ವರ್ಷದಿಂದ?"

"ಆರು."

"ನಮ್ಮನೆಯವರನ್ನ ಪ್ಯಾಕಿಂಗಿನಿಂದ ಬಿಡಿಸಿ ಆ ಮೂಲೆಗೆ ಹಾಕಿಸಿಕೊಂಡು ಐದು ವರ್ಷ. ನೀನೇ ಹಾಕಿಸ್ಕೊಂಡಿದ್ದು. ನನ್ನ ಕಣ್ಮುಂದೇನೇ ಇರ್ತಾನೆ, ಹೆದರಬೇಡ ಅಂದಿದ್ದೆ ನನಗೆ."

ಮೇಸ್ತ್ರಿ ಡಬ್ಬಿಯನ್ನು ಅತ್ತ ಸರಿಸಿದ.

"ಇವರಿಗೆ ಗೊತ್ತಾ?"

"ಇಲ್ಲ."

"ಹೇಳಪ್ಪಾ. ಈಗಲೇ ಹೋಗಿ ಹೇಳು."

"ಹೇಳ್ತೀನಿ ಕಣೇ. ಮೊದಲು ಮೇಲಿನೋರಿಗೆ ಹೇಳ್ತೀನಿ. ಮೂರು ಗಂಟೆಗೆ ಅವರು ಮಾತಿಗೆ ಸಿಗ್ತಾರೆ. ನಿಜವಾದ ಅಂಕಿ ಹೇಳಿದ್ರೆ ಪಟ್ಟಿಯಲ್ಲಿ ನಾವು ಮೊದಲು ಬರ್ತೀವಿ. ಇಡೀ ಮೂವತ್ತರಲ್ಲಿ ನಮ್ಮಷ್ಟು ತೆಳ್ಳಗಿರೋದು ಯಾವುದೂ ಇಲ್ಲ, ಬರಲೇಬೇಕು. ಹೊಸ ಫರ್ನೇಸ್ ಸಿಗುತ್ತೆ. ಆಮೇಲೆ ಅವನಿಗೆ ಹೇಳಿದ್ರೆ ನಕ್ಕುಬಿಡ್ತಾನೆ."

"ನಿನ್ನ ಕೆಲಸ?"

"ನನ್ನನ್ನ ತೆಗೀಲಿ. ಯಾವನು ಬೇಡ ಅಂದ? ಫರ್ನೇಸ್ ಬರ್ಲಿ."

ಮಗಳು ತನ್ನ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಅರ್ಧಕ್ಕರ್ಧ ಹಾಗೇ ಇತ್ತು. "ಯಾವಾಗ್ಲೂ ಇದೇ ನಿಂದು. ಎಲ್ಲಾ ಒಳ್ಳೇದಾದ ಮೇಲೆ ನಿಜ ಹೇಳ್ತೀನಿ ಅಂತೀಯ," ಎಂದು ಎದ್ದು ಹೋದಳು.

ಮೀಟಿಂಗಿನ ಕೋಣೆಯಲ್ಲಿ ದೊಡ್ಡ ಪರದೆಯ ಮೇಲೆ ಒಬ್ಬ ಹೆಂಗಸು ಕಾಣಿಸಿಕೊಂಡಳು. ಐವತ್ತರ ಆಸುಪಾಸು, ದಪ್ಪ ಕನ್ನಡಕ. ಅವಳ ಕಡೆ ಇನ್ನೂ ಬೆಳಗಿನ ಹೊತ್ತು. ಕಿಟಕಿಯಾಚೆ ಬೂದು ಬಣ್ಣದ ಆಕಾಶವಿತ್ತು. ನಿದ್ದೆಗೆಟ್ಟವಳಂತೆ ಕಣ್ಣುಜ್ಜಿಕೊಳ್ಳುತ್ತಿದ್ದಳು. ಮೂವತ್ತು ಕಾರ್ಖಾನೆಗಳ ದುಡ್ಡಿಗೆ ಹೌದು ಅಥವಾ ಇಲ್ಲ ಎನ್ನುವವಳು ಅವಳೇ ಎಂದು ಮ್ಯಾನೇಜರು ಪಿಸುಗುಟ್ಟಿದರು. ಅವಳ ಭಾಷೆ ಮೇಸ್ತ್ರಿಗೆ ಬಾರದು, ಇವನದು ಅವಳಿಗೆ ಬಾರದು. ನಡುವೆ ಮ್ಯಾನೇಜರು ಕೂತರು.

"ಕಾಗದ ಎಲ್ಲಿ?" ಎಂದರು.

ಮೇಸ್ತ್ರಿ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಗೆರೆ ಖಾಲಿಯಾಗಿತ್ತು.

"ಒಂದೂವರೆ ಇಂಚು ಅಂತ ಹೇಳಿ ಅವರಿಗೆ."

"ಏನು?"

"ಗೋಡೆ ಒಂದೂವರೆ ಇಂಚು ಇದೆ. ನಾಲ್ಕೂವರೆ ಅಲ್ಲ. ನಾನು ಸುಳ್ಳು ಬರೆದೆ. ಈ ವರ್ಷ ಒಂದೇ ಅಲ್ಲ, ಆರು ವರ್ಷದಿಂದ ಬರೆದೆ. ಹಾಗೇ ಹೇಳಿ. ಒಂದು ಮಾತೂ ಬಿಡಬೇಡಿ."

ಮ್ಯಾನೇಜರ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಪರದೆಯೊಳಗಿನ ಕಣ್ಣು ತಮ್ಮ ಮೇಲೇ ಇದ್ದುದರಿಂದ ಬಯ್ಯುವಂತಿರಲಿಲ್ಲ. ತಡವರಿಸುತ್ತ ಹೇಳಿದರು. ಕನ್ನಡಕದಾಕೆ ಕೂಗಾಡಲಿಲ್ಲ. ಗೋಡೆಯ ಹತ್ತಿರ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಮೊದಲು ಕೇಳಿದಳು. ಒಂಬತ್ತು ಎಂದರು. ಗಾಜು ಸೋರಿದೆಯೇ ಎಂದಳು. ಹೋದ ವಾರ ಒಂದು ಹನಿ ಎಂದ ಮೇಸ್ತ್ರಿ. ಅವಳು ಬರೆದುಕೊಂಡಳು. ಆಮೇಲೆ ದನಿ ಬಂದ್ ಮಾಡಿ ಪಕ್ಕದಲ್ಲಿದ್ದ, ಇವರಿಗೆ ಕಾಣದ ಯಾರೊಂದಿಗೋ ಮಾತಾಡತೊಡಗಿದಳು. ಅವಳ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಮೇಸ್ತ್ರಿ ಆ ಬಾಯಿಯನ್ನೇ ನೋಡುತ್ತ ಕೂತ. ಪಟ್ಟಿಯ ಕಟ್ಟಕಡೆಯ ಸಾಲು ಎದ್ದು ಮೊದಲ ಸಾಲಿಗೆ ಹೋಗಿ ಕೂತು ಹಸಿರಾಗುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಆರೇಳು ನಿಮಿಷವಾದ ಮೇಲೆ ದನಿ ಬಂತು. ಅವಳು ನಿಧಾನವಾಗಿ, ಉದ್ದಕ್ಕೆ ಮಾತಾಡಿದಳು. ಮ್ಯಾನೇಜರು ಮೇಜು ನೋಡುತ್ತ ಕನ್ನಡಕ್ಕೆ ತಂದರು.

"ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಅಂತಾರೆ. ಈ ವರ್ಷ ಅನುಮಾನಕ್ಕೆ ಜಾಗ ಇಲ್ಲ ಅಂತಾರೆ. ಗ್ಯಾಸ್ ಸಿಗುತ್ತೋ ಇಲ್ವೋ ಗೊತ್ತಿಲ್ಲ, ಹಡಗು ಬರುತ್ತೋ ಇಲ್ವೋ ಗೊತ್ತಿಲ್ಲ, ಯುದ್ಧ ಎಲ್ಲಿಗೆ ಹಬ್ಬುತ್ತೋ ಗೊತ್ತಿಲ್ಲ. ತಮ್ಮ ಕಾರ್ಖಾನೆಯಿಂದ ಬರೋ ಅಂಕಿನಾದ್ರೂ ನಂಬೋ ಹಾಗಿರ್ಬೇಕು. ಆರು ವರ್ಷ ಸುಳ್ಳು ಅಂಕಿ ಬಂದ ಜಾಗಕ್ಕೆ ಅಷ್ಟು ದುಡ್ಡು ಹಾಕಿ ಅಂತ ಮೇಲಿನೋರ ಮುಂದೆ ಹೋಗಿ ಕೇಳೋಕಾಗಲ್ಲ ಅಂತಾರೆ. ಪಟ್ಟಿಯಿಂದಲೇ ನಮ್ಮನ್ನ ತೆಗೀತಾರಂತೆ."

"ತೆಗೀತಾರೆ ಅಂದ್ರೆ?"

"ಇರೋ ಆರ್ಡರ್ ಮುಗಿಯೋಕೆ ನಾಲ್ಕು ತಿಂಗಳು ಬೇಕು. ಬೆಂಕಿ ಇಳಿಸಿ, ಮೂಲೆಗೆ ಹೊರಗಿನಿಂದ ತೇಪೆ ಹಾಕಿ, ಗಾಳಿ ಹೆಚ್ಚು ಮಾಡಿ ಅಲ್ಲಿತನಕ ನಡೆಸಬೇಕು. ಆಮೇಲೆ ಗಾಜು ಬಸಿದು ಆರಿಸಿಬಿಡೋದು."

ಮೇಸ್ತ್ರಿ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

"ಸುಳ್ಳು ಬರೆದೋನು ನಾನು! ನನ್ನನ್ನ ತೆಗೀರಿ, ಜೈಲಿಗೆ ಹಾಕಿಸಿ, ಏನು ಬೇಕಾದ್ರೂ ಮಾಡಿ. ಗೋಡೆ ಏನು ಮಾಡ್ತು? ಆ ಮುನ್ನೂರು ಜನ ಏನು ಮಾಡಿದ್ರು? ಒಂದೂವರೆ ಇಂಚಿಗೆ ಇಳಿದಿದೆ ಅಂತ ಈಗ ಗೊತ್ತಾಯ್ತಲ್ಲ? ತೆಳ್ಳಗಿದ್ದೋರಿಗೆ ಮೊದಲು ಅಂತ ನಿಯಮ ಮಾಡಿದೋರು ಅವರೇ ಅಲ್ವಾ? ಕೇಳಿ ಅವರನ್ನ. ನನ್ನ ಮುಖ ಏನು ನೋಡ್ತೀರಿ, ಕೇಳ್ರೀ!"

ಮ್ಯಾನೇಜರು ಕೇಳಿದರು. ಮೇಸ್ತ್ರಿಯ ಅಷ್ಟುದ್ದದ ಮಾತು ಅವರ ಬಾಯಲ್ಲಿ ನಾಲ್ಕೇ ಪದವಾಯಿತು. ಕನ್ನಡಕದಾಕೆ ತಲೆಯಾಡಿಸಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವಳು ಕೈಗಡಿಯಾರ ನೋಡಿಕೊಂಡು ಏನೋ ಹೇಳಿದಳು. ಪರದೆ ಕಪ್ಪಾಯಿತು.

ಮ್ಯಾನೇಜರು ಆ ಖಾಲಿ ಗೆರೆಯ ಹಾಳೆಯನ್ನು ಎತ್ತಿಕೊಂಡರು.

"ಮೂರು ವರ್ಷದ ಹಿಂದೆ ನಿಜ ಹೇಳಿದ್ದಿದ್ರೆ ಹೊಸ ಫರ್ನೇಸ್ ಮೊದಲು ನಮಗೇ ಬರ್ತಿತ್ತು. ಇವತ್ತು ಒಂದು ಸುಳ್ಳು ಹೇಳಿದ್ದಿದ್ರೆ ಹದಿನೆಂಟು ತಿಂಗಳು ಸಿಗ್ತಿತ್ತು," ಎಂದರು. "ಸುಳ್ಳು ಹೇಳಬಾರದಾಗ ಸುಳ್ಳು, ನಿಜ ಹೇಳಬಾರದಾಗ ನಿಜ. ಇಷ್ಟು ಸರಿಯಾಗಿ ಹೊತ್ತು ನೋಡಿ ಕಾರ್ಖಾನೆ ಮುಳುಗಿಸೋದು ಎಲ್ಲಿ ಕಲಿತ್ರಿ ನೀವು?"

ಮೇಸ್ತ್ರಿ ಅವರ ಮೇಲೆ ಏರಿಹೋಗುತ್ತಿದ್ದನೋ ಏನೋ. ಅವರ ಕಣ್ಣಲ್ಲಿ ನೀರು ಕಂಡು ನಿಂತ. ಅವರಿಗೆ ಐವತ್ತೆರಡು ವರ್ಷ. ಬೇರೆ ಕಡೆ ಯಾರೂ ಕರೆದು ಕೆಲಸ ಕೊಡುವ ವಯಸ್ಸಲ್ಲ.

"ನಾಲ್ಕು ತಿಂಗಳೊಳಗೆ ಒಡೆದ್ರೆ?" ಎಂದ ಮೇಸ್ತ್ರಿ.

ಮ್ಯಾನೇಜರು ಬಾಯಿ ತೆರೆದರು. ನೋಡೋಣ ಎನ್ನಲು ಹೊರಟಿದ್ದರು ಎಂದು ಕಾಣುತ್ತದೆ. ಅನ್ನಲಿಲ್ಲ.

ಕುಲುಮೆಯ ಕಟ್ಟಡಕ್ಕೆ ಅವನು ಬರುವ ಮೊದಲೇ ಸುದ್ದಿ ಬಂದಿತ್ತು. ಕುಲುಮೆಗೆ ಮರಳಿನ ಮಿಶ್ರಣ ಸುರಿಯುವವನು ಮುಖ ತಿರುಗಿಸಿದ. ಬರ್ನರು ನೋಡುವ ಇಬ್ಬರು ಮಾತು ನಿಲ್ಲಿಸಿ ದಾರಿ ಬಿಟ್ಟರು.

ಅಳಿಯ ಮೂಲೆಯಲ್ಲೇ ಇದ್ದ. ಫ್ಯಾನಿನ ಗಾಳಿಕೊಳವೆಯನ್ನು ಗೋಡೆಯ ಕೆಂಪು ಏರಿದ ಜಾಗಕ್ಕೆ ಹೊಂದಿಸಲೆಂದು ಅದನ್ನು ಕಂಬಿಗೆ ಬಿಗಿದ ಬೋಲ್ಟು ಸಡಿಲಿಸಿ, ಭಾರದ ಕೊಳವೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಇತ್ತು. ಮಾವನ ಕಡೆ ತಿರುಗಲಿಲ್ಲ.

"ನಾನು ಹೇಳ್ಬೇಕು ಅಂತಿದ್ದೆ," ಮೇಸ್ತ್ರಿ ಕೂಗಿದ. ಫ್ಯಾನುಗಳ ಸದ್ದಿನಲ್ಲಿ ಕೂಗದೆ ವಿಧಿಯಿರಲಿಲ್ಲ. "ಮೊದಲು ಅವರಿಗೆ ಹೇಳಿ…"

"ಬೆಳಿಗ್ಗೆ ಕೊಕ್ಕೆ ಹಾಕಿದ್ರಲ್ಲ. ನಾನೇ ಗುರಾಣಿ ಹಿಡಿದಿದ್ದೆ. ಎಷ್ಟು ಮಾವ ಅಂತ ಕೇಳಿದೆ."

"ಕೇಳಿದೆ."

"ಏನಂದ್ರಿ?"

ಮೇಸ್ತ್ರಿ ಗೋಡೆಯ ಕೆಂಪಿನ ಕಡೆ ನೋಡಿದ.

"ಅವರಿಗೆ ಸುಳ್ಳು ಬರೆದ್ರಿ, ಸರಿ. ಅವರು ಎಲ್ಲೋ ಇದಾರೆ, ನಿಮ್ಮನ್ನ ಕಂಡೋರಲ್ಲ. ನಾನು ನಿಮ್ಮ ಪಕ್ಕದಲ್ಲಿ ನಿಂತಿದ್ದೆ ಮಾವ. ಐದು ವರ್ಷ ನಿಂತಿದ್ದೆ. ನಿಮ್ಮ ಮಗಳು ಹುಷಾರು ಅಂದಾಗೆಲ್ಲ, ಹೋಗೇ, ನಿಮ್ಮಪ್ಪ ಅಳೆದಿದ್ದಾರೆ ಅಂತಿದ್ದೆ. ಇಲ್ಲಿ ಕೂತು ಬುತ್ತಿ ಉಂಡಿದೀನಿ. ಈ ಗೋಡೆಗೆ ಬೆನ್ನು ಕೊಟ್ಟು."

"ಹೊಸದು ಬರುತ್ತೆ ಅಂದ್ಕೊಂಡಿದ್ದೆ ಕಣೋ. ಪ್ರತಿ ವರ್ಷ ಬಂತು ಬಂತು ಅಂದ್ರು. ನನಗೇನು ಗೊತ್ತಿತ್ತು ಎಲ್ಲೆಲ್ಲೋ ಏನೇನೋ ಆಗಿ…"

"ಎಲ್ಲೆಲ್ಲೋ ಆಗಿದ್ದು ಎಲ್ಲೆಲ್ಲೋ ಆಯ್ತು. ಇಲ್ಲಿ ಆಗಿದ್ದು ಹೇಳಿ." ಅಳಿಯ ಈಗ ತಿರುಗಿದ. ಮುಖಗವಚದೊಳಗೆ ಅವನ ಮುಖ ಕಾಣಲಿಲ್ಲ, ಕುಲುಮೆಯ ಬೆಳಕು ಮಾತ್ರ ಅದರ ಮೇಲೆ ಆಡುತ್ತಿತ್ತು. "ಹಿಡ್ಕೊಳ್ಳಿ."

ಕೊಳವೆಯನ್ನು ಮುಂದೆ ಚಾಚಿದ. ಮೇಸ್ತ್ರಿಯ ಕೈಗಳು ರೂಢಿಯಂತೆ ತಾವಾಗಿಯೇ ಹೋಗಿ ಹಿಡಿದವು. ಬೋಲ್ಟು ಬಿಗಿಯಲು ಬಗ್ಗುತ್ತಾನೆ ಎಂದುಕೊಂಡ. ಅಳಿಯ ಮೂರು ಹೆಜ್ಜೆ ಸರಿದು ಬಗ್ಗಿದ. ಸ್ಪ್ಯಾನರನ್ನು ಎಸೆಯಲಿಲ್ಲ, ಸದ್ದಾಗದಂತೆ ನೆಲದ ಮೇಲಿಟ್ಟ. ಮುಖಗವಚ ತೆಗೆದ. ಕೈಗವಸು ಕಳಚಿದ. ದಪ್ಪ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನೂ ತೆಗೆದು ಕಂಬಿಯ ಮೇಲೆ ಹಾಕಿದ. ಒಳಗಿನ ಬನಿಯನ್ ಬೆವರಿಗೆ ಬೆನ್ನಿಗಂಟಿತ್ತು. ಹಾಗೇ ನಡೆದು ಪಕ್ಕದ ಬಾಗಿಲಿನಿಂದ ಅಂಗಳಕ್ಕೆ ಇಳಿದ.

ನೀರು ಕುಡಿಯಲು ಹೋಗಿದ್ದಾನೆ, ಮೇಸ್ತ್ರಿ ಅಂದುಕೊಂಡ. ಮುಖಕ್ಕೆ ನೀರು ಹಾಕಿಕೊಂಡು ಸ್ವಲ್ಪ ಹೊತ್ತು ಗಾಳಿಗೆ ನಿಂತು ಬರುತ್ತಾನೆ. ಬಿಸಿ ಹುಡುಗ. ಮದುವೆಯಾದ ಹೊಸದರಲ್ಲೂ ಒಮ್ಮೆ ಹೀಗೇ ಎದ್ದು ಹೋಗಿ ಅರ್ಧ ಗಂಟೆಗೆ ಬಂದಿದ್ದ.

ಕೊಳವೆ ಅದುರುತ್ತಿತ್ತು. ಗಾಳಿ ಬೀಳುವಲ್ಲಿ ಗೋಡೆ ಕಪ್ಪಗಿತ್ತು. ತೋಳು ಸೋತು ಕೊಳವೆ ನಾಲ್ಕು ಬೆರಳು ಜಾರಿದರೆ ಆ ಕಪ್ಪು ಅಂಚಿನಿಂದ ಕರಗುತ್ತ ಬಂದು ಕೆಳಗಿನ ಕೆಂಪು ಮೇಲೇಳುತ್ತಿತ್ತು. ಎತ್ತಿ ಹಿಡಿದರೆ ಮತ್ತೆ ಕಪ್ಪು. ಅವನ ವಯಸ್ಸಿಗೆ ಎರಡು ಕೈಯೂ ಬೇಕಿತ್ತು. ಬರ್ನರಿನ ಇಬ್ಬರು ಕಂಬದ ಆಚೆ ಇದ್ದರು, ಕಾಣುತ್ತಿರಲಿಲ್ಲ. ಕೂಗಿದರೆ ಈ ಸದ್ದಿನಲ್ಲೂ ಕೇಳಿಸುವಂಥ ಗಂಟಲು ಅವನದು. ಕೂಗಲಿಲ್ಲ.

ಪಾಳಿ ಬದಲಾಗುವ ಸೈರನ್ ಆಯಿತು. ಅಂಗಳದಲ್ಲಿ ಕಾಲುಗಳ ಸದ್ದು, ಗಾಡಿಗಳ ಸದ್ದು ಕೇಳಿ ದೂರವಾಯಿತು. ಪಕ್ಕದ ಬಾಗಿಲು ತೆರೆದೇ ಇತ್ತು. ಅಲ್ಲಿಂದ ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಪಟ್ಟಿ ಕಂಬಿಯ ಬುಡದವರೆಗೆ ಬಂದಿತ್ತು. ಅದರಲ್ಲಿ ಯಾರ ನೆರಳೂ ಇರಲಿಲ್ಲ.

ಸ್ಪ್ಯಾನರ್ ಮೂರು ಹೆಜ್ಜೆ ಆಚೆ ಬಿದ್ದಿತ್ತು. ಮೇಸ್ತ್ರಿ ಕೊಳವೆಯನ್ನು ಎದೆಗೆ ಒತ್ತಿ ಹಿಡಿದು ಎಡಗಾಲನ್ನು ಆದಷ್ಟು ಉದ್ದಕ್ಕೆ ಚಾಚಿದ. ಎಟುಕಲಿಲ್ಲ. ಕಾಲು ಎಳೆದುಕೊಂಡು ಉಸಿರು ತಂದುಕೊಂಡ. ಮತ್ತೆ ಚಾಚಿದ.